ತಮ್ಮನ ಕಾಲು

ನನ್ನ ಕಾಲು ಒಳ್ಳೆಯದು, ನನ್ನ ತಮ್ಮನ ಕಾಲು ಕೆಟ್ಟದ್ದು. ಹೀಗೆಂದು ತೀರ್ಮಾನಿಸಿದವಳು ನಮ್ಮ ಅಜ್ಜಿ, ಅಪ್ಪನ ತಾಯಿ. ನಾನು ಹುಟ್ಟಿದ ವಾರ ನಮ್ಮ ಹೊಲದ ಬಾವಿಯಲ್ಲಿ ನೀರು ಬಿತ್ತಂತೆ. ಬೇಸಗೆಯುದ್ದಕ್ಕೂ ಅಗೆದ ಬಾವಿ ಅದು, ಆ ವಾರ ಅಲ್ಲದಿದ್ದರೆ ಮುಂದಿನ ವಾರ ಬೀಳುತ್ತಿತ್ತು. ನೀರು ಭೂಮಿಯೊಳಗಿತ್ತು, ನಾನು ಅವ್ವನ ಹೊಟ್ಟೆಯೊಳಗಿದ್ದೆ, ನಮ್ಮಿಬ್ಬರಿಗೂ ಪರಿಚಯವೇ ಇರಲಿಲ್ಲ. ಆದರೂ ಆ ನೀರು ನನ್ನ ಲೆಕ್ಕಕ್ಕೆ ಬಂತು. ಮೂರು ವರ್ಷದ ಮೇಲೆ ತಮ್ಮ ಹುಟ್ಟಿದ. ಅವನ ಹೊಕ್ಕುಳು ಬೀಳುವ ಮೊದಲೇ ತಾತ ತೀರಿಕೊಂಡ. ತಾತ ಉಬ್ಬಸದಲ್ಲಿ ಏದುಸಿರು ಬಿಡುತ್ತಾ ಜಗಲಿಯ ಕಂಬಕ್ಕೆ ಒರಗಿ ಕೂತು ಎರಡು ಮಳೆಗಾಲ ಕಳೆದಿದ್ದನ್ನು ಇಡೀ ಊರೇ ನೋಡಿತ್ತು. ಆದರೂ ಆ ಸಾವು ತಮ್ಮನ ಲೆಕ್ಕಕ್ಕೆ ಹೋಯಿತು.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ ಕಣತ್ತೆ" ಎಂದು ಅವ್ವ ಬಾಣಂತಿ ಕೋಣೆಯಿಂದಲೇ ಹೇಳಿದ್ದಳಂತೆ. ಅದನ್ನು ಕೇಳುವವರು ಯಾರು? ಆ ಮನೆಯಲ್ಲಿ ಕಾಗೆ ಯಾರೆಂಬುದು ಆಗಲೇ ತೀರ್ಮಾನವಾಗಿತ್ತು.

ಅಜ್ಜಂಪುರದಿಂದ ಎರಡು ಹರದಾರಿ ದೂರದ ಊರು ನಮ್ಮದು. ರಾಗಿ, ಈರುಳ್ಳಿ ಬೆಳೆಯುವ ಊರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ಊರಿಗೆ ಕರೆಂಟು ಬಂದಿತ್ತು, ಟ್ರಾನ್ಸಿಸ್ಟರ್ ಬಂದಿತ್ತು. ಕಾಲ್ಗುಣ ಮಾತ್ರ ಎಲ್ಲೂ ಹೋಗಿರಲಿಲ್ಲ. ಬಿತ್ತನೆಯ ದಿನ ಕೂರಿಗೆಯ ಮುಂದೆ ನನ್ನನ್ನು ನಡೆಸುತ್ತಿದ್ದರು. ಹೊಸ ಎತ್ತು ಬಂದರೆ ಮೊದಲು ನಾನು ಮುಟ್ಟಬೇಕು, ಪಕ್ಕದ ಮನೆಯವರು ಕಣ ಮಾಡಿದರೆ ಮೊದಲು ನಾನು ತುಳಿಯಬೇಕು. ಅಂಥ ಹೊತ್ತಿನಲ್ಲೆಲ್ಲಾ ತಮ್ಮನನ್ನು ಹಿತ್ತಲಿಗೆ ಕಳಿಸಿ ಒಳಗಿನಿಂದ ಚಿಲಕ ಹಾಕುತ್ತಿದ್ದರು. ಅವನು ಬಾಗಿಲ ಸಂದಿಗೆ ಕಣ್ಣಿಟ್ಟು ನೋಡುತ್ತಿದ್ದ. ಕಡೂರಿನ ಸಂತೆಗೆ ಹೊರಟವರಿಗೆ ಇವನು ಎದುರಾದರೆ ಮುಗಿಯಿತು, ಅವರು ವಾಪಸು ಹೋಗಿ, ಜಗಲಿಯ ಮೇಲೆ ಕೂತು, ಒಂದು ಲೋಟ ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ದೊಡ್ಡ ದೊಡ್ಡ ಮೀಸೆಯ ಗಂಡಸರು, ಮೊಣಕಾಲೆತ್ತರದ ಹುಡುಗನಿಗೆ ಹೆದರುತ್ತಿದ್ದರು.

ಹುಡುಗ ಪೆದ್ದನಲ್ಲ. ಆ ಹೆದರಿಕೆಗೆ ಬೆಲೆಯಿದೆ ಅನ್ನುವುದನ್ನು ಬೇಗ ಕಂಡುಕೊಂಡ. ಬೆಳಗ್ಗೆ ಅಂಗಡಿಯವನು ಬಾಗಿಲು ತೆಗೆದು ಊದುಬತ್ತಿ ಹಚ್ಚುವ ಹೊತ್ತಿಗೆ ಸರಿಯಾಗಿ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಿದ್ದ. ಬೋಣಿಯೇ ಆಗಿಲ್ಲ, ಆಗಲೇ ಇವನ ಕಾಲು! "ಲೇ, ತಗಳೋ, ಹೋಗೋ ಅತ್ಲಾಗೆ" ಎಂದು ಅವನು ಒಂದು ಪೆಪ್ಪರಮೆಂಟು ಎಸೆಯುತ್ತಿದ್ದ. ತಮ್ಮ ಅದನ್ನು ಅಂಗಿಯ ಚುಂಗಿನಲ್ಲಿ ಸುತ್ತಿ, ಹಲ್ಲಿನಿಂದ ಕಚ್ಚಿ ಎರಡು ಮಾಡಿ, ಅರ್ಧ ನನಗೆ ಕೊಡುತ್ತಿದ್ದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ವಿಷಯ ತಿಳಿದ ದಿನ ಅವ್ವ ಅವನಿಗೆ ಸೌಟಿನಲ್ಲಿ ಬಾರಿಸಿದಳು. "ಊರೋರು ಅಂತಾರೆ ಅಂದ್ರೆ ನೀನೂ ಒಪ್ಕಂಬಿಟ್ಯೇನೋ? ನೀನೂ ಒಪ್ಕಂಡ್ಯಾ?" ಎಂದು ಒಂದೊಂದು ಏಟಿಗೂ ಕೇಳಿದಳು. ಅಲ್ಲಿಗೆ ಪೆಪ್ಪರಮೆಂಟು ನಿಂತಿತು.

ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಪೆಪ್ಪರಮೆಂಟಲ್ಲ, ಭೂಮಿ ಹುಣ್ಣಿಮೆ. ದಸರಾ ಕಳೆದು ಬರುವ ಆ ಹುಣ್ಣಿಮೆಯಲ್ಲಿ ಹೊಲವೆಲ್ಲಾ ತೆನೆ ಕಟ್ಟುವ ಹೊತ್ತು, ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಮಾಡಿಸುವ ಹಾಗೆ ಹೊಲಕ್ಕೆ ಊಟ ಕೊಂಡೊಯ್ಯುತ್ತೇವೆ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಮೊಸರನ್ನ, ಬೆರಕೆ ಸೊಪ್ಪಿನ ಪಲ್ಯ ತುಂಬಿಸಿಕೊಂಡು ಬೆಳಕು ಹರಿಯುವ ಮುಂಚೆ ಹೋಗಿ, ಅದರಲ್ಲೇ ಒಂದಷ್ಟನ್ನು ಭೂಮಿತಾಯಿಗೆ ಚರಗವೆಂದು ಹೊಲದ ತುಂಬಾ ಚೆಲ್ಲಿ, ಬದುವಿನ ಮೇಲೆ ಎಲ್ಲರೂ ಕೂತು ಉಣ್ಣುವುದು. ತಮ್ಮ ಹುಟ್ಟಿದ ಮೇಲೆ ಒಂದು ವರ್ಷವೂ ಅದನ್ನು ನೋಡಿರಲಿಲ್ಲ. ಬಸುರಿಯ ಮುಂದೆ ಆ ಕಾಲು ಸುಳಿಯಕೂಡದು ಅನ್ನುವುದು ಅಜ್ಜಿಯ ಕಟ್ಟಪ್ಪಣೆ. ಪ್ರತಿವರ್ಷ ನಾನು ವಾಪಸು ಬಂದ ಕೂಡಲೇ ಅವನು ಕೇಳುತ್ತಿದ್ದ, "ನೆಲ ಉಣ್ತಾ ಅಣ್ಣಾ? ಹೆಂಗೆ ಉಣ್ತು?" ನಾನು ಬಾಯಿಗೆ ಬಂದ ಹಾಗೆ ಬಣ್ಣ ಕಟ್ಟಿ ಹೇಳುತ್ತಿದ್ದೆ.

ಅವನಿಗೆ ಎಂಟು, ನನಗೆ ಹನ್ನೊಂದು. ಆ ವರ್ಷ ಮಹಾಲಯ ಅಮಾವಾಸ್ಯೆ ದಿನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ಜ್ವರ ಹತ್ತಿತು, ಮಾತು ನಿಂತಿತು, ಕಣ್ಣು ಮುಚ್ಚಿತು. ಅಜ್ಜಂಪುರದಿಂದ ಬಂದ ಡಾಕ್ಟರು ನಾಡಿ ಹಿಡಿದು, "ಬೇಕಾದೋರಿಗೆಲ್ಲಾ ಹೇಳಿ ಕಳ್ಸಿ" ಎಂದು ಹೇಳಿ ಕಾಫಿ ಕುಡಿದು ಹೋದರು. ಹೇಳಿ ಕಳಿಸಿದೆವು. ಯಗಟಿಯಿಂದ ಬಂದರು, ಕಡೂರಿನಿಂದ ಬಂದರು, ತರೀಕೆರೆಯಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಟ್ರಂಕು ಸಮೇತ ಬಂದಿಳಿದಳು. ಬಂದವರೆಲ್ಲಾ ನಡುಮನೆಯಲ್ಲಿ ಅಜ್ಜಿಯ ಸುತ್ತ ಕೂತು ಒಂದಷ್ಟು ಅತ್ತರು. ಆಮೇಲೆ ಉಂಡರು. ಮಾರನೆಯ ದಿನ ಸ್ವಲ್ಪ ಕಡಿಮೆ ಅತ್ತರು, ಊಟ ಮಾತ್ರ ಕಡಿಮೆಯಾಗಲಿಲ್ಲ.

ದಸರಾ ಬಂತು, ಹೋಯಿತು. ಅಜ್ಜಿ ಹೋಗಲಿಲ್ಲ. ಹೊಲದಲ್ಲಿ ಈರುಳ್ಳಿ ಕಿತ್ತು ಹಾಕುವ ಹದಕ್ಕೆ ಬಂದು ಕೂತಿತ್ತು, ಮೇಲೆ ಚಿತ್ತೆ ಮಳೆಯ ಮೋಡ ಕವಿಯುತ್ತಿತ್ತು. ಕೊನೆಯ ಗುಟುಕು ನೀರು ಬಿಡಬೇಕಾದ ಒಬ್ಬನೇ ಮಗ ಅಪ್ಪ, ಹೊಸಿಲು ಬಿಟ್ಟು ಅಲ್ಲಾಡುವಂತಿರಲಿಲ್ಲ. ಅಪ್ಪನಿಲ್ಲದೆ ಕೂಲಿಯವರು ಹೊಲಕ್ಕೆ ಇಳಿಯುವಂತಿರಲಿಲ್ಲ. ಕಿತ್ತು ಹಾಕಿದ ಮೇಲೆ ಜೀವ ಹೋದರಂತೂ ಸೂತಕ, ತಿಥಿ ಮುಗಿಯುವವರೆಗೆ ಯಾರೂ ಹೊಲದ ಕಡೆ ತಲೆ ಹಾಕುವಂತಿಲ್ಲ, ಈರುಳ್ಳಿ ಅಲ್ಲೇ ಕೊಳೆಯುತ್ತದೆ. ಹೋಗುವುದಾದರೆ ಬೇಗ ಹೋಗಲಿ ಎಂದು ಎಲ್ಲರಿಗೂ ಅನ್ನಿಸುತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಬದಲಿಗೆ ಗಂಗಾಜಲ ಬಿಟ್ಟರು. ಏನೋ ಆಸೆ ಉಳಿದಿರಬೇಕು ಎಂದು ಬಂಗಾರ ತೇದ ನೀರು ಬಿಟ್ಟರು, ಹೊಲದ ಮಣ್ಣು ಕದಡಿದ ನೀರು ಬಿಟ್ಟರು. ಅಜ್ಜಿ ಎಲ್ಲವನ್ನೂ ನುಂಗಿದಳು. ಮಣ್ಣಿನ ನೀರನ್ನಂತೂ ಚಪ್ಪರಿಸಿದಳು.

ವಿಜಯದಶಮಿಯ ಮಾರನೆಯ ಮಧ್ಯಾಹ್ನ, ಉಂಡು ಎಲೆಯಡಿಕೆ ಹಾಕಿಕೊಳ್ಳುವಾಗ, ಅತ್ತೆ ಅಪ್ಪನನ್ನು ಪಕ್ಕಕ್ಕೆ ಕರೆದಳು.

"ಆ ಹುಡುಗನ್ನ ಒಂದ್ಸಲ ಅವ್ವನ ಹತ್ರ ಕಳ್ಸಿ ನೋಡಾನ ಕಣೋ" ಅಂದಳು.

ಯಾವ ಹುಡುಗ ಎಂದು ಅಪ್ಪ ಕೇಳಲಿಲ್ಲ. ಒಲೆಯ ಮುಂದಿದ್ದ ಅವ್ವ ಕೇಳಿಸಿಕೊಂಡು ಎದ್ದು ಬಂದಳು. "ನನ್ ಮಗ ಏನು ಯಮನೇನಕ್ಕಾ? ನೀವು ಬಾ ಅಂದಾಗ ಬಂದು, ಹೋಗು ಅಂದಾಗ ಹೋಗಾಕೆ?" ಎಂದಳು. ಅಪ್ಪ ಕಿಟಕಿಯಿಂದ ಆಕಾಶ ನೋಡಿದ. ಮೋಡ ದಟ್ಟವಾಗಿತ್ತು. "ಹೋಗ್ಲಿ ಬಿಡೇ. ಹುಡುಗ್ರು ಕಾಲಾಗೆ ಏನಿರುತ್ತೆ" ಎಂದ. ಎಂಟು ವರ್ಷದಲ್ಲಿ ಅಪ್ಪ ಆ ಮಾತು ಹೇಳಿದ್ದು ಅದೇ ಮೊದಲು. ಹೇಳಬೇಕಾಗಿದ್ದಾಗಲೆಲ್ಲಾ ಬಾಯಿಗೆ ಬೀಗ ಹಾಕಿಕೊಂಡಿದ್ದ ಮನುಷ್ಯ ಹೇಳಬಾರದ ದಿನ ಹೇಳಿದ. ಅಪ್ಪನ ಮೇಲಿನ ಆ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ಅತ್ತೆ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಹಿಂದೆ ಎಂದೂ ಕೂರಿಸಿಕೊಂಡವಳಲ್ಲ. "ಅಜ್ಜಿ ಹತ್ರ ಹೋಗಿ ಒಂದು ಗಳಿಗೆ ಕೂತ್ಕಂಡು ಬಾ ಮಗಾ. ಈ ಸಲ ಹುಣ್ಣಿಮೆಗೆ ಬುಟ್ಟಿ ಜೊತೆ ಹೊಲಕ್ಕೆ ನೀನೂ ಹೋಗುವಂತೆ. ನಾನು ಹೇಳ್ತೀನಿ ನಿಮ್ಮಪ್ಪಂಗೆ."

ಅವನು ಸೀದಾ ಬಚ್ಚಲಿಗೆ ಓಡಿದ. ನಾನು ಹಿಂದೆಯೇ ಹೋದೆ. ತೆಂಗಿನ ನಾರು ತೆಗೆದುಕೊಂಡು, ಒಲೆಯ ಬೂದಿ ಹಾಕಿಕೊಂಡು, ಪಾದ, ಬೆರಳ ಸಂದಿ, ಹಿಮ್ಮಡಿ ಎಲ್ಲಾ ಉಜ್ಜುತ್ತಿದ್ದ. ಚರ್ಮ ಕೆಂಪಗಾಗಿತ್ತು.

"ಸಾಕು ಬಾರೋ" ಎಂದೆ.

"ಇರು, ಅಂಟ್ಕಂಡಿರೋದೆಲ್ಲಾ ಹೋಗ್ಲಿ" ಎಂದ. ಮತ್ತೆ ಉಜ್ಜಿದ. ಆಮೇಲೆ ತಲೆಯೆತ್ತದೆ ಕೇಳಿದ, "ನಾನು ಹೋದ್ರೆ ಅಜ್ಜಿ ಸತ್ತೋಗುತ್ತಾ ಅಣ್ಣಾ?"

"ಗೊತ್ತಿಲ್ಲ ಕಣೋ" ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಡುಮನೆಯ ಬಾಗಿಲಲ್ಲಿ ಅಷ್ಟೂ ಜನ ನೆರೆದಿದ್ದರು. ಹೆಂಗಸರು ಸೆರಗು ಬಾಯಿಯ ಹತ್ತಿರ ಹಿಡಿದು ಅಳಲು ಸಿದ್ಧವಾಗಿದ್ದರು. ತಮ್ಮ ಬಲಗಾಲು ಮುಂದಿಟ್ಟು ಒಳಗೆ ಹೋದ, ಅಜ್ಜಿಯ ತಲೆಯ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತ. ಏನು ಮಾಡಬೇಕೆಂದು ತಿಳಿಯದೆ ಅವಳ ಕೈ ಹಿಡಿದುಕೊಂಡು "ಅಜ್ಜೀ" ಎಂದ.

ಅಜ್ಜಿ ಕಣ್ಣು ಬಿಟ್ಟಳು. ಯಾರೆಂದು ಗುರುತಿಸಿದಳು. ಕೈ ಕಿತ್ತುಕೊಂಡಳು.

"ಇವನ್ನ ಯಾರ್ರೋ ಒಳಕ್ಕೆ ಬಿಟ್ಟೋರು?" ಎಂದಳು. ಗಂಟಲು ಕರಕರ ಎನ್ನುತ್ತಿತ್ತು, ಆದರೂ ಬೀದಿಗೆ ಕೇಳಿಸುವ ಹಾಗಿತ್ತು. "ನನ್ನ ಸಾಯಿಸ್ಬೇಕು ಅಂತ ಮಾಡೀರೇನ್ರೋ? ಎಳ್ಕಂಡು ಹೋಗ್ರೋ ಇವನ್ನ!"

ಆ ಸಿಟ್ಟಿನಲ್ಲೇ ಅವಳಿಗೆ ಬೆವರು ಬಂತು, ಜ್ವರ ಬಿಟ್ಟಿತು. ದೀಪ ಹಚ್ಚುವ ಹೊತ್ತಿಗೆ ಗಂಜಿ ಕೇಳಿದಳು, ಗಂಜಿಗೆ ಉಪ್ಪು ಸಾಲದು ಎಂದು ಅವ್ವನಿಗೆ ಬೈದಳು. ಬಾಗಿಲಲ್ಲಿದ್ದವರೆಲ್ಲಾ ಸೆರಗು ಕೆಳಗೆ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇವನ ಕಾಲು ಸಾವಿಗೂ ಆಗಿಬರ್ಲಿಲ್ವಲ್ಲೇ" ಎಂದು ಅತ್ತೆ ಪಿಸುಗುಟ್ಟಿದಳು. ಬೆಳಗಿನ ಬಸ್ಸಿಗೆ ಎಲ್ಲರೂ ಹೊರಟರು. ಈರುಳ್ಳಿ ಕೀಳಲು ಆಳು ಇಳಿದ ದಿನವೇ ಚಿತ್ತೆ ಮಳೆ ಹಿಡಿಯಿತು, ಅರ್ಧಕ್ಕರ್ಧ ಕೊಳೆಯಿತು. ಅದಕ್ಕೂ ಆ ಕಾಲೇ ಕಾರಣವಾಯಿತು. ಆದರೆ ಅಜ್ಜಿಗೆ ಹೋಗುತ್ತಿದ್ದ ಜೀವ ಬಂತಲ್ಲ, ಅದು ಯಾರ ಕಾಲಿಂದ ಬಂತು? ಅದನ್ನು ಯಾರೂ ಎತ್ತಲಿಲ್ಲ. ಅದೇನೋ ದೇವರು ದೊಡ್ಡವನು ಅಂದರು.

ಎದ್ದು ಕೂತ ಅಜ್ಜಿಗೆ ನಡೆಯಲು ಆಸರೆ ಬೇಕಾಯಿತು. ಕೋಲು ಜಾರುತ್ತಿತ್ತು. ತಮ್ಮನ ಹೆಗಲು ಅವಳ ಕೈಗೆ ಸರಿಯಾದ ಎತ್ತರಕ್ಕಿತ್ತು. ಅದನ್ನೇ ಹಿಡಿದುಕೊಂಡಳು. ಹಿತ್ತಲಿಗೆ ಹೋಗಲು ಅವನ ಹೆಗಲು, ಒಳ್ಳೆಯ ಕೆಲಸಕ್ಕೆ ನನ್ನ ಕಾಲು.

ಹುಣ್ಣಿಮೆಯ ದಿನ ಅವನು ಎಲ್ಲರಿಗಿಂತ ಮೊದಲು ಎದ್ದು, ಮಿಂದು, ಹಬ್ಬದ ಅಂಗಿ ತೊಟ್ಟು ಹೊಸಿಲ ಪಕ್ಕ ನಿಂತಿದ್ದ. ಅಪ್ಪ ಬುಟ್ಟಿ ಎತ್ತಿಕೊಂಡಾಗ, "ಅಪ್ಪಾ, ಅತ್ತೆ ಹೇಳಿತ್ತು, ನಾನೂ ಬರಬೋದು ಅಂತ" ಎಂದ.

ನಡುಮನೆಯಿಂದ ಅಜ್ಜಿಯ ದನಿ ಬಂತು. "ಬಸುರಿ ಮುಂದೆ ಇವನ್ಯಾಕೋ? ಮತ್ತೆ ನನ್ನ ಹಿತ್ಲಿಗೆ ಕರ್ಕಂಡು ಹೋಗೋರು ಯಾರು? ಇಲ್ಲೇ ಬಿದ್ದಿರ್ಲಿ."

ಅಪ್ಪ ಬುಟ್ಟಿ ತಲೆಗೇರಿಸಿಕೊಂಡು ಹೊರಟ. ನಾನು ದೀಪ ಹಿಡಿದು ಮುಂದೆ ನಡೆದೆ. ಅವ್ವ ಹೊರಡುವ ಮುನ್ನ ತಮ್ಮನ ಕೈಯಲ್ಲಿ ಒಂದು ಕಡುಬು ಇಟ್ಟಳು. ಬಿಸಿಲೇರಿ ನಾವು ವಾಪಸು ಬಂದಾಗ ಅವನು ಹಿತ್ತಲಲ್ಲಿದ್ದ. ಕಡುಬನ್ನು ಪುಡಿ ಮಾಡಿ ಕುಂಬಳ ಬಳ್ಳಿಯ ಸುತ್ತ ಚೆಲ್ಲಿದ್ದ. ಕೋಳಿಗಳು ಅದನ್ನು ಕೆದಕಿ ತಿನ್ನುತ್ತಿದ್ದವು. ಆ ವರ್ಷ ಅವನು ನೆಲ ಉಣ್ತಾ ಎಂದು ಕೇಳಲಿಲ್ಲ. ಮುಂದೆಯೂ ಕೇಳಲಿಲ್ಲ.

ಅಜ್ಜಿ ಇನ್ನೂ ಎರಡು ಭೂಮಿ ಹುಣ್ಣಿಮೆ ಕಂಡಳು. ಎರಡನೆಯದು ಕಳೆದು, ದೀಪಾವಳಿ ಹತ್ತಿರವಿದ್ದಾಗ ಮತ್ತೆ ಮಲಗಿದಳು. ಸೊಂಟದ ನೋವಿಗೆ ತರೀಕೆರೆಯ ಪಂಡಿತರೊಬ್ಬರ ಎಣ್ಣೆ ಬೇಕೆಂದಳು, ತರಲು ತಮ್ಮನೇ ಹೋದ. ಅಷ್ಟು ಹೊತ್ತಿಗೆ ಅವಳ ಕೆಲಸವೆಲ್ಲಾ ಅವನದೇ ಆಗಿತ್ತು. ಅಂದು ಸಂಜೆ ನಾನು ಅಜ್ಜಂಪುರದ ಹೈಸ್ಕೂಲಿನಿಂದ ಬಂದವನು ಚೀಲ ಕೆಳಗಿಡದೆ, ಚಪ್ಪಲಿ ಬಿಡದೆ, ಹೇಗಿದ್ದಾಳೋ ನೋಡೋಣವೆಂದು ನಡುಮನೆಗೆ ಕಾಲಿಟ್ಟೆ. ಅಜ್ಜಿ ನನ್ನ ಕಡೆ ನೋಡಿದಳು. ಒಂದು ಸಲ ಬಿಕ್ಕಿದಳು. ಅಷ್ಟೇ, ಹೋಯಿತು.

ಮುಂದಿನ ಬಸ್ಸಿಗೆ ತಮ್ಮ ಎಣ್ಣೆ ಶೀಸೆ ಹಿಡಿದು ಬಂದಿಳಿದ. ಹಬ್ಬಕ್ಕೆಂದು ತಾಯಿಯ ಮನೆಗೆ ಹೊರಟಿದ್ದ ಅತ್ತೆಯೂ ಅದೇ ಬಸ್ಸಿನಲ್ಲಿದ್ದಳು. ಅತ್ತೆ ಎದೆ ಬಡಿದುಕೊಳ್ಳುತ್ತಾ ಒಳಗೆ ಓಡಿದಳು. ತಮ್ಮ ಅಂಗಳದ ಕಲ್ಲಿನ ಮೇಲೆ ಕಾಲು ತೊಳೆದು ಹೊಸಿಲ ಹತ್ತಿರ ಬಂದು, ಅವ್ವನನ್ನು ಕೇಳಿದ.

"ಯಾರು ಒಳಕ್ಕೆ ಬಂದಾಗ ಜೀವ ಹೋಯ್ತವ್ವಾ?"

ಒಳಗೆ ಅಳು ನಿಂತಿತು. ಅವ್ವ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಿಮ್ಮಣ್ಣ ಕಣೋ. ನಿಮ್ಮಣ್ಣ ಕಾಲಿಟ್ಟ ಗಳಿಗೇಲೇ ಹೋಯ್ತು."

ಆಮೇಲೆ ಅತ್ತೆ ಎದೆ ಬಡಿದುಕೊಂಡು ಶುರುಮಾಡಿದಳು. "ಅಯ್ಯೋ ನಮ್ಮವ್ವ ಪುಣ್ಯವಂತೆ ಕಣ್ರೇ! ದೊಡ್ಡ ಮೊಮ್ಮಗ ಬರೋಗಂಟ ಜೀವ ಹಿಡ್ಕಂಡಿದ್ಲು. ಅವನ ಮುಖ ನೋಡ್ಕಂಡು ನೆಮ್ಮದಿಯಾಗಿ ಹೋದ್ಲು!" ಹೌದು ಹೌದು, ಎಂದರು ಉಳಿದವರು. ಒಬ್ಬಳು ಬಂದು ನನ್ನ ಗಲ್ಲ ನೀವಿ, ದೃಷ್ಟಿಯಾಗದಿರಲಿ ಎಂದು ಲಟಿಗೆ ಮುರಿದಳು.

ತಮ್ಮ ಹೊಸಿಲು ದಾಟಲು ಕಾಲೆತ್ತಿದ. "ಏಯ್, ನೀನಲ್ಲೇ ನಿಂತ್ಕ" ಎಂದಳು ಅತ್ತೆ. "ಹೆಣ ಎತ್ತೋಗಂಟ ಒಳಕ್ಕೆ ಬರ್ಬ್ಯಾಡ."

ಸತ್ತವಳಿಗೆ ಆ ಕಾಲು ಇನ್ನೇನು ಮಾಡುತ್ತಿತ್ತೋ, ನಾನು ಕೇಳಲಿಲ್ಲ, ಯಾರೂ ಕೇಳಲಿಲ್ಲ. ತಮ್ಮ ಎತ್ತಿದ ಕಾಲು ಹಿಂದಕ್ಕೆ ತೆಗೆದುಕೊಂಡು ಎಣ್ಣೆ ಶೀಸೆ ಹಿಡಿದು ಅಲ್ಲೇ ನಿಂತ. ಅವನ ಪಾದಗಳಿಂದ ನೀರು ಇಳಿಯುತ್ತಿತ್ತು. ಅವನು ಅಜ್ಜಿಯನ್ನು ನೋಡುತ್ತಿರಲಿಲ್ಲ, ನನ್ನ ಕಾಲನ್ನೇ ನೋಡುತ್ತಿದ್ದ. ನನ್ನ ಕಾಲಲ್ಲಿ ಇನ್ನೂ ಚಪ್ಪಲಿ ಇತ್ತು.