ಚೀಲ ತೊಟ್ಟ ಪೆಟ್ಟಿಗೆ

ನಮ್ಮ ಪೆಟ್ಟಿಗೆ ಮೇಸ್ತ್ರಿ ಜನ್ಮದಲ್ಲಿ ಚೀಲ ಮುಟ್ಟಿದವನಲ್ಲ. ಹಸುಗೂಸಾಗಿದ್ದಾಗ ಬಟ್ಟೆಯ ಜೋಲಿಯಲ್ಲಿ ಮಲಗಿಸಿದರೆ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದನಂತೆ. ತಗಡಿನ ಪೆಟ್ಟಿಗೆಯಲ್ಲಿ ಹಾಕಿದ ಮೇಲೆಯೇ ಗಪ್‌ಚುಪ್. ಅವನು ಬಡಿದ ಪೆಟ್ಟಿಗೆ ಕಂಡರೆ ಕೋಟೆಗಳೂ ನಾಚಿ ತಲೆ ತಗ್ಗಿಸಬೇಕು.

ಅಂಥವನು ಹೆಂಡತಿಯ ಜೊತೆ ಸಫಾರಿಗೆ ಟಿಕೆಟ್ ಮಾಡಿಸಲು ಹೋದಾಗ ಟ್ರಾವೆಲ್ಸ್‌ನ ಹುಡುಗಿ ಹೇಳಿದಳು: "ಅಂಕಲ್, ಸಫಾರಿಗೆ ಹೋಗೋದು ಪುಟ್ಟ ವಿಮಾನ. ಮೂಲೇಲಿ ತುರುಕೋಕಾಗುವಂಥ ಮೆತ್ತನೆ ಚೀಲಾನೇ ಬೇಕು. ಇಬ್ಬರಿಗೂ ಸೇರಿ ಹದಿನೈದು ಕಿಲೋ, ಅಷ್ಟೇ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ."

"ಚೀಲ ಹಿಡ್ಕೊಂಡು ಹೋಗೋದಕ್ಕಿಂತ ಹೋಗದೇ ಇರೋದೇ ವಾಸಿ," ಎಂದ ಮೇಸ್ತ್ರಿ.

"ಹಾಗಾದ್ರೆ ನೀವು ಪೆಟ್ಟಿಗೆ ಕಾಯ್ತಾ ಮನೇಲೇ ಕೂತಿರಿ. ನಾನಂತೂ ಜಿರಾಫೆ ನೋಡದೆ ಕಣ್ಣು ಮುಚ್ಚೋಳಲ್ಲ," ಎಂದಳು ಹೆಂಡತಿ.

ಮೇಸ್ತ್ರಿ ಮುಖ ಊದಿಸಿಕೊಂಡು ಕೂತ. ಕೊನೆಗೆ ಪೆಟ್ಟಿಗೆಗೆ ಹತ್ತಿ ಸುತ್ತಿ, ಅದರ ಮೇಲೆ ಮಣ್ಣಿನ ಬಣ್ಣದ ಚೀಲ ತೊಡಿಸಿ ಹೊರಟೇಬಿಟ್ಟ.

ಕಾಡಿನಂಚಿನ ಪುಟ್ಟ ನಿಲ್ದಾಣದಲ್ಲಿ ತೂಕವೇನೋ ಸರಿಹೋಯಿತು. ಆದರೆ ಪೈಲಟ್ ಚೀಲವನ್ನು ಮೂಲೆಗೆ ತುರುಕಲೆಂದು ಗುದ್ದಿದ್ದೇ ತಡ, ಢಣ್ ಎಂದಿತು. ನೊಂದ ಕೈ ಕೊಡವುತ್ತ ಅವನು ತಿರುಗಿ ನೋಡಿದ. ಮೇಸ್ತ್ರಿ ಅಂಗಿಯ ಮೇಲೆ ಅಂಗಿ, ಪ್ಯಾಂಟಿನ ಮೇಲೆ ಪ್ಯಾಂಟು ತೊಟ್ಟು, ಬೆವರುತ್ತ, ಕುಂಬಳಕಾಯಿಯಂತೆ ನಿಂತಿದ್ದ. ಅಷ್ಟೇ ಊದಿಕೊಂಡಿದ್ದ ಹೆಂಡತಿ ಆಗಲೇ ವಿಮಾನದೊಳಗೆ ಸೀಟು ಹಿಡಿದು, "ಬೇಕಾದ್ರೆ ಅವರನ್ನ ಬಿಟ್ಟುಹೋಗಿ, ನನ್ನ ಮಾತ್ರ ಇಳಿಸ್ಬೇಡಿ!" ಎಂದು ಕೂಗುತ್ತಿದ್ದಳು.

"ಏನ್ರೀ ತುಂಬಿದ್ದೀರಿ ಇದರಲ್ಲಿ?" ಎಂದು ಪೈಲಟ್ ಗದರಿದ.

"ಏನೂ ಇಲ್ಲ ಸಾರ್," ಎಂದ ಮೇಸ್ತ್ರಿ. "ಪೆಟ್ಟಿಗೆಯೇ ಹದಿನೈದು ಕಿಲೋ ಆಗೋಯ್ತು."