ಬಾಯಾರಿಕೆಯ ಮಂತ್ರವಿದ್ಯೆ

ಕಳ್ಳತನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಂದ ಕಸಿದುಕೊಂಡ ಪುಸ್ತಕವನ್ನು ಎರಡು ತಿಂಗಳು ನಾನೇ ಇಟ್ಟುಕೊಂಡಿದ್ದೆ ಎಂಬುದು ನಿಜ. ನಾನು ತಿರುಮಕೂಡಲು ನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಬೋರ್ಡಿನ ಮೇಲೆ ಸಮೀಕರಣ ಬಿಡಿಸುತ್ತಿದ್ದರೆ ಅವಳು ಡೆಸ್ಕಿನ ಕೆಳಗೆ ಮಂತ್ರವಾದಿಗಳ ಕಥೆ ಓದುತ್ತಿದ್ದಳು. ದಪ್ಪ ಇಂಗ್ಲಿಷ್ ಕಾದಂಬರಿ, ರಟ್ಟಿನ ಮೇಲೆ ‘ಮೊದಲ ಭಾಗ’ ಅಂತ ಬೇರೆ. “ಪರೀಕ್ಷೆ ಮುಗಿದ ಮೇಲೆ ತಗೋ” ಎಂದು ಯಮಧರ್ಮನ ಗತ್ತಿನಲ್ಲಿ ಹೇಳಿ ಬ್ಯಾಗಿಗೆ ಹಾಕಿಕೊಂಡೆ.

ಅಂದು ಸಂಜೆ ಮನೆಗೆ ಬರುವ ಬಸ್ಸಿನಲ್ಲಿ, ಈಗಿನ ಮಕ್ಕಳು ಎಂಥ ಕಸ ಓದುತ್ತಾರೆ ನೋಡೋಣವೆಂದು ಪುಸ್ತಕ ತೆರೆದೆ. “ಸಾ, ನಂಜನಗೂಡು ಬಂತು, ಇಳೀರಿ” ಎಂದು ಕಂಡಕ್ಟರು ಭುಜ ತಟ್ಟಿದಾಗ ಎಪ್ಪತ್ತನೇ ಪುಟದಲ್ಲಿದ್ದೆ.

ನಮ್ಮ ಪುರಾಣಗಳಲ್ಲಿ ವರ ಬೇಕಾದವನು ಒಂಟಿಕಾಲಲ್ಲಿ ನಿಲ್ಲಬೇಕು, ಗಾಳಿ ಕುಡಿದು ಬದುಕಬೇಕು. ಆಮೇಲೆ ಕೊಡುವುದು ಬಿಡುವುದು ದೇವರ ಮರ್ಜಿ. ಈ ಪುಸ್ತಕದ ನಾಡಿನಲ್ಲಿ ಮರ್ಜಿಯ ಮಾತೇ ಇಲ್ಲ. ಅಲ್ಲಿ ಮಂತ್ರಕ್ಕೆ ಬೆಲೆ ಬಾಯಾರಿಕೆ. ಬೀಗವೊಂದನ್ನು ಮಂತ್ರದಿಂದ ತೆರೆದರೆ ಒಂದು ದಿನದ ದಾಹ. ಎಷ್ಟು ನೀರು ಕುಡಿದರೂ ಇಂಗುವುದಿಲ್ಲ. ಗಾಳಿಯ ದಿಕ್ಕು ತಿರುಗಿಸಿದರೆ ಒಂದು ತಿಂಗಳು. ಎಡಗಡೆ ಬಲಗಡೆ ಸರಿಯಾಗಿ ತೂಗುವ ಇಂಥ ಮಾಯೆಯನ್ನು ಗಣಿತದ ಮೇಷ್ಟ್ರು ಮೆಚ್ಚದಿರುವುದು ಹೇಗೆ? ಕಥೆಯ ನಾಯಕಿ ನೀರು ಹೊರುವ ಹುಡುಗಿ. ಬೇರೆಯವರ ಬಾಯಾರಿಕೆಯನ್ನು ತನ್ನ ಮೇಲೆ ಎಳೆದುಕೊಳ್ಳಬಲ್ಲವಳು ಅವಳೊಬ್ಬಳೇ.

ಅಷ್ಟು ಓದಿದಾಗ ನನಗೆ ಅಕ್ಕನ ನೆನಪಾಯಿತು.

ಅಕ್ಕನ ಮನೆ ಹುಲ್ಲಹಳ್ಳಿ. ಎರಡೂ ಮೂತ್ರಪಿಂಡ ಕೆಟ್ಟು, ವಾರಕ್ಕೆರಡು ಸಲ ನಂಜನಗೂಡಿಗೆ ಡಯಾಲಿಸಿಸ್‌ಗೆ ಬರುತ್ತಿದ್ದಳು. ಮಂಗಳವಾರ ಅವಳ ಸೊಸೆ ಜೊತೆಗಿರುತ್ತಿದ್ದಳು, ಶನಿವಾರ ನಾನು. ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿರಲಿಲ್ಲ. ನಾಲೆಯ ದಂಡೆಯ ಗದ್ದೆಯಲ್ಲಿ ನಾಟಿ ಮಾಡುತ್ತಲೇ ಬೆಳೆದವಳು, ಬೊಗಸೆಯಲ್ಲಿ ಮೊಗೆದು ಕುಡಿದವಳು. ಈಗ ತುಟಿ ಒಡೆದಿತ್ತು, ನಾಲಿಗೆ ತಡವರಿಸುತ್ತಿತ್ತು. ಯಂತ್ರದ ಪಕ್ಕ ನಾಲ್ಕು ಗಂಟೆ ಕೂತರೂ ನಮ್ಮಿಬ್ಬರ ಮಾತು “ಉಂಡ್ಯಾ?” “ಉಂಡೆ” ಅನ್ನುವಲ್ಲಿಗೆ ಮುಗಿಯುತ್ತಿತ್ತು. ಆ ತಿಂಗಳ ಮೊದಲ ಶನಿವಾರ ಅವಳು ಇನ್ನೊಂದು ಮಾತು ಸೇರಿಸಿದ್ದಳು: “ಸಾಕು ಕಣ್ಲಾ ಮಾದೇವ. ಇನ್ಮೇಲೆ ನಾ ಬರಾಕಿಲ್ಲ.”

ಮುಂದಿನ ಶನಿವಾರ ಹೇಗೋ ಒಪ್ಪಿಸಿ ಕರೆತಂದು, ಪುಸ್ತಕ ತೆರೆದು ಕನ್ನಡದಲ್ಲಿ ಹೇಳತೊಡಗಿದೆ. ಅಕ್ಕ ಕಣ್ಣು ಮುಚ್ಚಿಯೇ ಇದ್ದಳು. ಹುಡುಗಿ ಮೊದಲ ಮಂತ್ರ ಹಾಕಿ, ದಾಹ ತಾಳಲಾರದೆ ಬಾವಿಗೆ ಬಾಯಿಟ್ಟಳು ಅಂದಾಗ ಕಣ್ಣು ಬಿಟ್ಟಳು.

“ಅಯ್ಯೋ, ಅಂಗ್ ಕುಡೀಬಾರ್ದು ಕಣಪ್ಪ. ಒಂದ್ ಚೂರು ನಿಂಬೆಣ್ಣು ಚೀಪ್ಬೇಕು. ಬಾಯ್ ಮುಕ್ಕಳಿಸಿ ಉಗೀಬೇಕು. ಆ ಮಗೀಗೆ ಯಾರೂ ಯೋಳ್ಕೊಟ್ಟಿಲ್ವಾ?”

“ಇಲ್ಲ, ಅವಳಿಗೆ ತಾಯಿ ಇಲ್ಲ.”

“ಅದುಕ್ಕೇ ಮತ್ತೆ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲಿಗೋದ್ರೆ ನಾನೇ ದೊಡ್ ಮಂತ್ರಗಾತಿ ಕಣ್ಲಾ” ಎಂದು ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ! ನಾನು ಮುಖ ಪುಸ್ತಕದೊಳಗೆ ಹುದುಗಿಸಿದೆ.

ಅಕ್ಕ ತಪ್ಪದೆ ಬರತೊಡಗಿದಳು. ನನಗೆ ಭಯ ಶುರುವಾಯಿತು. ಪುಟಗಳು ಕರಗುತ್ತಿದ್ದವು. ಕಥೆ ಮುಗಿದರೆ ಅವಳು ಬರುವುದನ್ನೂ ಮುಗಿಸುತ್ತಾಳೆ ಎಂದುಕೊಂಡು, ಪುಸ್ತಕದಲ್ಲಿಲ್ಲದ ಒಂದು ರಾಕ್ಷಸನನ್ನೂ ಎರಡು ಕಾಡುಗಳನ್ನೂ ಸೇರಿಸಿದೆ. ಅಕ್ಕ ಎರಡು ವಾರ ಸಹಿಸಿದಳು. ಮೂರನೇ ವಾರ, “ಇದು ಬುಕ್ಕಲ್ಲಿಲ್ಲ, ನೀನ್ ಕಟ್ತಿರೋದು. ಬೋ ಸಪ್ಪೆ. ಅಸಲು ಕತೆ ಯೋಳು” ಅಂದಳು.

ಅಸಲು ಕಥೆಯ ಕೊನೆಯಲ್ಲಿ, ಊರು ಮುಳುಗದಂತೆ ಹುಡುಗಿ ನದಿಯನ್ನೇ ತಡೆದು ನಿಲ್ಲಿಸುತ್ತಾಳೆ. ಬೆಲೆ, ಬದುಕಿರುವವರೆಗೂ ಆರದ ದಾಹ. ಅಷ್ಟು ಓದಿ ಪುಸ್ತಕ ಮಡಚಿದೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. “ಮುಂದ್ಕೆ?”

“ಎರಡನೇ ಭಾಗ ಬರಬೇಕು. ಯಾವಾಗಲೋ ಗೊತ್ತಿಲ್ಲ.”

“ಅಲ್ಲೀಗಂಟ ಕಾಯಕ್ಕೆ ನಾನೇನ್ ಗುಡಿ ಕಂಬ್ವಾ? ನಾನೇ ಯೋಳ್ತೀನಿ ಬುಡು.”

ಸೋಮವಾರ ಪುಸ್ತಕವನ್ನು ಹುಡುಗಿಗೆ ಹಿಂದಿರುಗಿಸಿ, ತಡವಾಯಿತು ಕ್ಷಮಿಸಮ್ಮ ಅಂದೆ. ಅವಳು ಬೆಪ್ಪಾಗಿ ನೋಡಿದಳು.

ಅಕ್ಕನ ಎರಡನೇ ಭಾಗದಲ್ಲಿ ಆ ಮಹಾ ಮಂತ್ರಗಾತಿ ಒಂದು ಹೋಟೆಲಿಗೆ ಸೇರಿ ಗಿರಾಕಿಗಳಿಗೆ ನೀರು ಕೊಡುತ್ತಿದ್ದಳು. ಅವಳ ಕೈಯಿಂದ ಕುಡಿದವರಿಗೆ ಮನಸ್ಸಿನ ಸಂಕಟವೂ ಇಳಿಯುತ್ತಿತ್ತು. ಅವಳು ಮಾತ್ರ ಬರೀ ನೋಡುತ್ತಿದ್ದಳು. ಪಕ್ಕದ ಮಂಚದ ಗುರುಮಲ್ಲಪ್ಪನವರು, ಸುತ್ತೂರಿನ ಕಡೆಯ ರೈತರು, ದಿಂಬು ಎತ್ತರಿಸಿಕೊಂಡು ಕೇಳತೊಡಗಿದರು. ಮೂರನೇ ಶನಿವಾರ ಅರಮನೆಯಿಂದ ಹೋಟೆಲಿಗೆ, ಬಾಯಿಗೆ ಬಟ್ಟೆ ಕಟ್ಟಿದ ಒಂದು ತಪ್ಪಲೆ ಬಂತು. ಹುಡುಗಿ ಗಂಟು ಬಿಚ್ಚಿದಳು. ಅಷ್ಟರಲ್ಲಿ ಸಿಸ್ಟರ್ ಬಂದು ಟ್ಯೂಬು ಕಳಚಿದರು.

“ತಪ್ಪಲೇಲಿ ಏನಿತ್ತವ್ವಾ?” ಗುರುಮಲ್ಲಪ್ಪ ಕೇಳಿದರು.

“ಬರೋ ಸನ್ವಾರ,” ಅಂದಳು ಅಕ್ಕ.

ಗುರುವಾರ ಬೆಳಿಗ್ಗೆ, ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತ ಕೂತವಳು ಹಾಗೇ ಒರಗಿದಳು. ಸೊಸೆ ಓಡಿಬರುವಷ್ಟರಲ್ಲಿ ಉಸಿರಿರಲಿಲ್ಲ.

ಮಣ್ಣು ಮಾಡುವಾಗ ಎಲ್ಲರೂ ಅಳುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಆ ತಪ್ಪಲೆ. ಒಡಹುಟ್ಟಿದವಳು ಹೋದಾಗ ಕಥೆಯ ಚಿಂತೆ ಮಾಡುವ ನೀನೂ ಒಬ್ಬ ತಮ್ಮನಾ ಎಂದು ನನ್ನ ಮೇಲೇ ಹೇಸಿಗೆಯಾಯಿತು. ತಪ್ಪಲೆ ಮಾತ್ರ ಕದಲಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಒಂದು ಶನಿವಾರ, ಉಳಿದ ಔಷಧಿ ಯಾರಿಗಾದರೂ ಆದೀತೆಂದು ಆಸ್ಪತ್ರೆಗೆ ಹೋದೆ. ಅಕ್ಕನ ಮಂಚದಲ್ಲಿ ಬೇರೆ ಯಾರೋ ಇದ್ದರು. ಗುರುಮಲ್ಲಪ್ಪ ನನ್ನ ಕೈ ಹಿಡಿದುಕೊಂಡರು. ಮೆಲ್ಲಗೆ ಕೇಳಿದರು.

“ತಪ್ಪಲೇಲಿ ಏನಿತ್ತು ಅಂತ ನಿಮಗೇನಾರ ಯೋಳಿದ್ರಾ ಸಾ?”

“ಇಲ್ಲ.”

“ನಂಗನ್ಸೋದು ಅದು ಖಾಲಿ ಇತ್ತು.”

“ಖಾಲಿ ತಪ್ಪಲೆ ಯಾಕ್ರೀ ಕಳಿಸ್ತಾನೆ ರಾಜ?”

“ತುಂಬ್ಸಿಕೊಡ್ಲಿ ಅಂತ.”

ಅವರ ಯಂತ್ರ ಇನ್ನೂ ಮೂರು ಗಂಟೆ ತಿರುಗಬೇಕಿತ್ತು. ಸ್ಟೂಲನ್ನು ಅವರ ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

“ಸರಿ, ತುಂಬಿಸೋಕೆ ಅವಳು ಎಲ್ಲಿಗೆ ಹೋದಳು?” ಅಂದೆ.