ಸೋರೆಕಾಯಿ ಶಾವಿಗೆ

ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ಮಂಡ್ಯದ ಡಾಕ್ಟರು ತಿನ್ನಬಾರದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅನ್ನ ಕಡಿಮೆ, ಮೈದಾ ಬೇಡ, ಶಾವಿಗೆ ಬೇಡ, ನೂಡಲ್ಸ್ ಬೇಡ, ಸಿಹಿಯಂತೂ ಬೇಡವೇ ಬೇಡ. ಅಣ್ಣನ ಬಲಗಾಲಿನ ಹೆಬ್ಬೆರಳ ಪಕ್ಕ ಒಂದು ಗಾಯವಾಗಿ ಎರಡು ತಿಂಗಳಾಗಿತ್ತು. ಆಲೆಮನೆಯಲ್ಲಿ ಕುದಿಯುವ ಪಾಕ ಸಿಡಿದು ಆದದ್ದು, ಮಾಯುತ್ತಲೇ ಇರಲಿಲ್ಲ. ಸಕ್ಕರೆ ಇಳಿಯದೆ ಈ ಗಾಯ ಒಣಗುವುದಿಲ್ಲ, ಒಣಗದಿದ್ದರೆ ಕಾಲೇ ಹೋಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅಣ್ಣ ಚೀಟಿಯನ್ನು ನನ್ನ ಕೈಗೆ ಕೊಟ್ಟ. ಓದಲು ಅವನಿಗೂ ಬರುತ್ತದೆ, ಆದರೆ ಅಡುಗೆಯ ವಿಷಯ ನನಗೆ ಬಿಟ್ಟದ್ದು ಎಂದು ಅವನು ಮೊದಲಿನಿಂದಲೂ ನಂಬಿದ್ದ.

ನಾನು ಮದ್ದೂರಿನ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಇನ್ನೂರು ಮಕ್ಕಳಿಗೆ ಒಬ್ಬಳೇ ನಿಂತು ಸಾರು ಇಳಿಸುತ್ತೇನೆ ಎಂಬ ಕೊಬ್ಬು ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಅಣ್ಣ ಚಿಕ್ಕರಸಿನಕೆರೆಯ ಹತ್ತಿರ, ಬೇರೆಯವರ ಆಲೆಮನೆಯಲ್ಲಿ ಪಾಕ ನೋಡುವವನು. ಕೊಪ್ಪರಿಗೆಯ ಪಕ್ಕ ಬೆಳಗಿನಿಂದ ನಿಂತು, ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲವಾಗುತ್ತದೆ ಎಂದು ಬರೀ ನೊರೆ ನೋಡಿ ಹೇಳುತ್ತಿದ್ದ. ಕಾಲಿಲ್ಲದವನು ಆ ಕೆಲಸ ಮಾಡುವುದು ಸಾಧ್ಯವೇ ಇಲ್ಲ. ಅಪ್ಪ ಬೇಗ ಹೋದ ಮೇಲೆ ನನ್ನನ್ನು ಸಾಕಿ, ಮದುವೆ ಮಾಡಿ ಕಳಿಸಿದ್ದೂ ಆ ಕಾಲಿನ ಮೇಲೆ ನಿಂತೇ.

ನಮ್ಮ ಕಡೆ ಮನೆಮಗಳು ತವರಿಗೆ ಬಂದರೆ ಒತ್ತು ಶಾವಿಗೆ ಮಾಡುತ್ತಾರೆ. ಅಕ್ಕಿ ಹಿಟ್ಟಿನ ಮುದ್ದೆ ಬೇಯಿಸಿ, ಬಿಸಿ ಆರುವ ಮೊದಲೇ ಶಾವಿಗೆ ಒರಳಿಗೆ ತುಂಬಿ ಒತ್ತಬೇಕು. ರಟ್ಟೆಯಲ್ಲಿ ಬಲ ಬೇಕಾದ ಕೆಲಸ, ಅದಕ್ಕೇ ಗಂಡಸರು ಒತ್ತುವುದು. ನಾನು ಮದುವೆಯಾಗಿ ಹೋದ ಮೇಲೆ ಎಷ್ಟು ಸಲ ತವರಿಗೆ ಬಂದಿದ್ದೇನೋ ಅಷ್ಟು ಸಲವೂ ಅಣ್ಣ ಒತ್ತಿದ್ದಾನೆ. ಮೊದಲು ಬೆಲ್ಲ ಕರಗಿಸಿದ ಕಾಯಿಹಾಲಿನ ಜೊತೆ, ಆಮೇಲೆ ಕೋಳಿ ಸಾರಿನ ಜೊತೆ. ಅವನು ಉಣ್ಣುವುದನ್ನು ನೋಡಿದರೆ ಹೊಟ್ಟೆ ತುಂಬಿದವರಿಗೂ ಮತ್ತೆ ಹಸಿವಾಗುತ್ತಿತ್ತು. ಮದ್ದೂರಿಗೆ ಬಂದಾಗ ಬಸ್‌ ಸ್ಟ್ಯಾಂಡಿನ ಪಕ್ಕದ ಗಾಡಿಯಲ್ಲಿ ನೂಡಲ್ಸೂ ತಿನ್ನುತ್ತಿದ್ದ. ಚೀನಾದವರ ಶಾವಿಗೆ ಎಂದು ಅದಕ್ಕೆ ಹೆಸರಿಟ್ಟಿದ್ದ. ಒಟ್ಟಿನಲ್ಲಿ ಎಳೆ ಎಳೆಯಾಗಿ ಇರುವುದೆಲ್ಲ ಅವನಿಗೆ ಇಷ್ಟ.

ಇಂಥವನ ಬಾಯಿ ಹೇಗೆ ಕಟ್ಟುವುದು? ಫೋನಿನಲ್ಲಿ ಹುಡುಕಿದೆ. ತರಕಾರಿಯನ್ನೇ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಸೀಳಿ ನೂಡಲ್ಸ್ ಮಾಡುವುದನ್ನು ಯಾರೋ ಒಬ್ಬಳು ತೋರಿಸುತ್ತಿದ್ದಳು. ಅವಳ ಅಡುಗೆಮನೆಯಲ್ಲಿದ್ದ ತರಕಾರಿಯ ಹೆಸರು ನಾನು ಕೇಳಿರಲಿಲ್ಲ. ಅದಿಲ್ಲದಿದ್ದರೆ ಮನೆ ಹಾಳಾಯಿತೇ, ನಮ್ಮಲ್ಲಿ ಇಲ್ಲದ್ದೇನಿದೆ ಎಂದುಕೊಂಡು ಪೇಟೆಯಲ್ಲಿ ಹಲ್ಲಿರುವ ಒಂದು ತುರಿಯುವ ಮಣೆ ಕೊಂಡೆ. ಎಲೆಕೋಸನ್ನು ಉದ್ದುದ್ದ ಹೆಚ್ಚಿ, ಮೆಣಸಿನ ಪುಡಿ, ಮೊಟ್ಟೆ ಹಾಕಿ ಜೋರು ಉರಿಯಲ್ಲಿ ಹುರಿದೆ, ಅದು ನೂಡಲ್ಸ್ ಆಯಿತು. ಎಳೆ ಪರಂಗಿಕಾಯಿಯನ್ನು ಸೀಳಿ ಉಪ್ಪು ನೀರಿನಲ್ಲಿ ಒಂದು ಕುದಿ ಕುದಿಸಿ ಬಸಿದರೆ ಕೋಳಿ ಸಾರಿಗೆ ಚೆನ್ನಾಗಿ ಹೊಂದಿಕೊಂಡಿತು. ಕಾಯಿಹಾಲಿಗೆ ಮಾತ್ರ ಎರಡೂ ಒಗ್ಗಲಿಲ್ಲ. ನಾಲ್ಕು ವಾರ ಪಾಡುಪಟ್ಟ ಮೇಲೆ ಸೋರೆಕಾಯಿ ಸಿಕ್ಕಿತು. ಬೀಜದ ತಿರುಳು ತೆಗೆದು, ಬೆಳ್ಳಗಿರುವ ಭಾಗವನ್ನು ಸಣ್ಣಗೆ ಸೀಳಿ ಹಬೆಯಲ್ಲಿ ಬೇಯಿಸಿದರೆ, ಕಣ್ಣಿಗಂತೂ ಒತ್ತು ಶಾವಿಗೆಯೇ.

ಪ್ರತಿ ಭಾನುವಾರ ಮೂರು ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತತೊಡಗಿದೆ. ಮೊದಲ ವಾರ ಅಣ್ಣ ಸೋರೆಕಾಯಿ ಶಾವಿಗೆಯ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ, "ಸಾವಿಗೆ ಅಲ್ಲ ಕಣಮ್ಮಿ ಇದು, ಆದ್ರೂ ಬುಡು, ನೀನು ಮಾಡಿದ್ದೀಯಲ್ಲ," ಅಂದ. ನನಗೆ ಅಳು ಬಂತು. ಅವನು ತಟ್ಟೆ ಖಾಲಿ ಮಾಡಿದ.

ಸೋರೆಕಾಯಿಗೆ ಸ್ವಂತ ರುಚಿ ಎಲ್ಲಿದೆ? ಎಲ್ಲಾ ಕಾಯಿಹಾಲಿನಿಂದಲೇ ಬರಬೇಕು. ಎರಡನೇ ವಾರ ಹಾಲು ಸ್ವಲ್ಪ ಗಟ್ಟಿ ಮಾಡಿ ಇನ್ನೊಂದಿಷ್ಟು ಬೆಲ್ಲ ಹಾಕಿದೆ. ಮೂರನೇ ವಾರ ಇನ್ನೂ ಒಂದಿಷ್ಟು. ಅಣ್ಣ ತಟ್ಟೆ ನೆಕ್ಕುವ ಹಾಗೆ ಉಂಡ. ಬರೀ ಭಾನುವಾರಕ್ಕೆ ನಿಲ್ಲಬಾರದು ಎಂದು, ವಾರವಿಡೀ ಸಂಜೆಗೊಮ್ಮೆ ಮಾಡಿಕೊಡಲು ಅತ್ತಿಗೆಗೂ ಕಲಿಸಿದೆ. ಇಷ್ಟಿಷ್ಟು ಬೆಲ್ಲ ಎಂದು ಮುಷ್ಟಿ ಮಾಡಿ ತೋರಿಸಿದವಳೂ ನಾನೇ.

ಓದುವವರಿಗೆ ಇದು ಹುಚ್ಚು ಅನ್ನಿಸಬಹುದು. ನಮ್ಮ ಸೀಮೆಯಲ್ಲಿ ಬೆಲ್ಲವನ್ನು ಯಾರೂ ಸಿಹಿಯ ಪಟ್ಟಿಗೆ ಸೇರಿಸುವುದಿಲ್ಲ. ಸಿಹಿ ಎಂದರೆ ಅಂಗಡಿಯ ಸಕ್ಕರೆ, ಬೇಕರಿಯ ತಿಂಡಿ. ಬಿಸಿಲಿನಲ್ಲಿ ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುತ್ತೇವೆ, ಬಾಣಂತಿಗೆ ಬೆಲ್ಲ, ಕೆಮ್ಮಿಗೆ ಬೆಲ್ಲ. ಕಾಯಿಲೆ ಗೊತ್ತಾದ ದಿನವೇ ಅತ್ತಿಗೆ ಮನೆಯ ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಕಾಫಿಗೂ ಬೆಲ್ಲ ಹಾಕತೊಡಗಿದ್ದಳು. ನಾನು ಭೇಷ್ ಅಂದಿದ್ದೆ. ಅಣ್ಣ ತನ್ನ ಕೈಯಲ್ಲೇ ಇಳಿಸಿದ, ಮದ್ದು ಹಾಕದ ಕಪ್ಪು ಬೆಲ್ಲವನ್ನು ಮನೆಗೆ ತರುತ್ತಿದ್ದ. ಕೈಯಾರೆ ಮಾಡಿದ ವಸ್ತು ಕಾಲು ತಿನ್ನುತ್ತದೆ ಎಂದು ಯಾರಿಗೆ ಹೊಳೆಯುತ್ತದೆ? ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸಂದೇಹವೇ ಇಲ್ಲದವಳು ಏನೆಂದು ಕೇಳಲಿ?

ಸಕ್ಕರೆ ಇಳಿಯಲಿಲ್ಲ, ಏರಿತು. ಡಾಕ್ಟರು ಮಾತ್ರೆ ಬದಲಾಯಿಸಿದರು, ಇಂಜೆಕ್ಷನ್ ಶುರು ಮಾಡಿದರು. ಗಾಯದ ಸುತ್ತ ಬೆರಳು ಕಪ್ಪಾಗತೊಡಗಿತು. ನನ್ನ ಸಿಟ್ಟೆಲ್ಲ ಅತ್ತಿಗೆಯ ಮೇಲೆ ತಿರುಗಿತು. ಅವಳು ಸಾಧು ಹೆಂಗಸು, ನನ್ನ ಬಾಯಿಗೆ ಹೆದರುವವಳು. ಕದ್ದು ಮುಚ್ಚಿ ಅನ್ನ ಇಕ್ಕುತ್ತಿದ್ದೀಯ, ಗಂಡನ ಕಾಲು ಹೋಗುವುದನ್ನು ನೋಡಬೇಕಾ ನಿನಗೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಎರಡು ಹಿಡಿ ಅನ್ನ ಇಕ್ಕಿದ್ದು ನಿಜ ಎಂದು ಒಪ್ಪಿಕೊಂಡು ಅತ್ತಳು. ಅದನ್ನೇ ಹಿಡಿದು ನಾನು ಇನ್ನಷ್ಟು ಜಾಡಿಸಿದೆ. ಅಣ್ಣ ಬೇಲಿ ಕಡೆ ಮುಖ ಮಾಡಿ ಕೂತಿದ್ದ.

ಮುಂದಿನ ಸಲ ಮಂಡ್ಯಕ್ಕೆ ಹೋದಾಗ ಡಾಕ್ಟರು ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿನ್ನುತ್ತಾರೆ ಎಂದು ವಿವರವಾಗಿ ಕೇಳಿದರು. ನಾನೇ ಮುಂದೆ ಬಂದು ಹೇಳಿದೆ. ಎಲೆಕೋಸಿನ ನೂಡಲ್ಸ್ ಅಂದೆ, ಪರಂಗಿಕಾಯಿ ಅಂದೆ. ಅವರು ಮೆಚ್ಚಿ ತಲೆಯಾಡಿಸಿದರು, ನಾನು ಉಬ್ಬಿಹೋದೆ. ಸೋರೆಕಾಯಿ ಶಾವಿಗೆ ಎಂದಾಗ, ಅದನ್ನು ಯಾತರ ಜೊತೆ ತಿನ್ನುತ್ತಾರೆ ಎಂದು ಕೇಳಿದರು. ಕಾಯಿಹಾಲು ಸಾರ್, ಸಕ್ಕರೆ ಒಂದು ಕಾಳೂ ಮುಟ್ಟಿಸಿಲ್ಲ, ಬರೀ ಬೆಲ್ಲ ಅಂದೆ. ಎಷ್ಟು ಬೆಲ್ಲ ಎಂದರು. ಮುಷ್ಟಿ ಮಾಡಿ ತೋರಿಸಿದೆ.

ಡಾಕ್ಟರು ಬೈಯಲಿಲ್ಲ. ಪೆನ್ನು ಕೆಳಗಿಟ್ಟು ನನ್ನ ಮುಷ್ಟಿಯನ್ನೇ ನೋಡಿದರು. ಆಮೇಲೆ ಮೆತ್ತಗೆ, "ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ ಕಣಮ್ಮ," ಅಂದರು. ಬಾಗಿಲ ಹತ್ತಿರ ನಿಂತಿದ್ದ ಅತ್ತಿಗೆ ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ನೋಡಿ, ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಇವತ್ತಿಗೂ ಅಂದಿಲ್ಲ ಪುಣ್ಯಾತ್ಗಿತ್ತಿ.

ಆ ಹೊತ್ತಿನಿಂದ ಬೆಲ್ಲ ನಿಂತಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹತ್ತೇ ದಿನಕ್ಕೆ ಕಪ್ಪು ಪಾದಕ್ಕೆ ಏರಿತು, ಜ್ವರ ಬಂತು, ಮೊಣಕಾಲಿನ ಕೆಳಗೆ ಕಾಲು ತೆಗೆದರು. ಗಾಯ ಮೊದಲೇ ಕೆಟ್ಟಿತ್ತು, ಬೆಲ್ಲ ತಿನ್ನದಿದ್ದರೂ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದರು. ಆ ಸಮಾಧಾನ ಇಟ್ಟುಕೊಂಡು ಏನು ಮಾಡಲಿ?

ವಾರ್ಡಿನಲ್ಲಿ ಅಣ್ಣನ ಪಕ್ಕ ಕೂತರೂ ನನಗೆ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಅವನೇ ನನ್ನ ಕೈ ಹಿಡಿದ. "ಕೊರಗ್‌ಬ್ಯಾಡ ಕಣಮ್ಮಿ. ಬೆಲ್ಲ ಬೇಯ್ಸೋನು ನಾನು, ನಂಗೇ ಗೊತ್ತಿರ್ಬೇಕಿತ್ತು," ಅಂದ. ಕಪಾಳಕ್ಕೆ ಎರಡು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ, ಎದ್ದು ಆಚೆ ಹೋದೆ.

ಆಮೇಲೂ ಭಾನುವಾರ ಡಬ್ಬಿ ಒಯ್ಯುತ್ತೇನೆ. ಈಗ ಸೋರೆಕಾಯಿಗೆ ಬರೀ ಉಪ್ಪು, ಮೆಣಸು, ತೆಳ್ಳಗಿನ ಮಜ್ಜಿಗೆ. ಅಣ್ಣ ತಟ್ಟೆ ಖಾಲಿ ಮಾಡುತ್ತಾನೆ. ರುಚಿಯಾಗಿದೆಯಾ ಎಂದು ನಾನು ಕೇಳುವುದಿಲ್ಲ. ಇನ್ನೂರು ಮಕ್ಕಳಿಗೆ ಅಡುಗೆ ಮಾಡುವಾಗಲೂ ಈಗ ನನ್ನ ಕೈ ಮೊದಲಿನಂತೆ ಧೈರ್ಯವಾಗಿ ಏಳುವುದಿಲ್ಲ, ಉಪ್ಪು ಹಾಕುವ ಮೊದಲು ಪಾತ್ರೆ ತೊಳೆಯಲು ಬರುವವಳನ್ನು ಕೇಳುತ್ತೇನೆ.

ಉಳಿದಿರುವ ಎಡಗಾಲನ್ನು ದಿನಾ ತೊಳೆದು ನೋಡಬೇಕು, ಈ ಕಾಯಿಲೆಯಲ್ಲಿ ಗಾಯವಾದರೂ ಕಾಲಿಗೆ ನೋವೇ ತಿಳಿಯದೆ ಹೋಗಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದಾರೆ. ಅತ್ತಿಗೆಗೆ ಕಣ್ಣು ಮಂಜು, ತೊಳೆಯುತ್ತಾಳೆ, ಸಣ್ಣದು ಕಾಣಿಸುವುದಿಲ್ಲ. ಭಾನುವಾರ ನಾನು ಹೋದಾಗ ನಾನೇ ಜಗಲಿಯಲ್ಲಿ ಕೂತು ತೊಳೆಯುತ್ತೇನೆ. ಹೋದ ವಾರ ಅಣ್ಣ ಬಹಳ ಗೆಲುವಾಗಿದ್ದ. ಹಾಕಿಕೊಳ್ಳುವ ಕೃತಕ ಕಾಲಿಗೆ ಅಳತೆ ತೆಗೆದುಕೊಂಡು ಹೋಗಿದ್ದಾರಂತೆ. ಆಲೆಮನೆಯ ಮಾಲೀಕ ಬಂದು, ಬಾರಯ್ಯ, ಸ್ಟೂಲ್ ಹಾಕಿಕೊಡುತ್ತೇವೆ, ಕೂತುಕೊಂಡೇ ಪಾಕ ನೋಡುವೆಯಂತೆ ಎಂದು ಹೇಳಿ ಹೋಗಿದ್ದನಂತೆ. ಸ್ಟೂಲ್ ಯಾಕೆ, ನಿಂತೇ ನೋಡುತ್ತೇನೆ ಎಂದು ಅಣ್ಣ ಅವನಿಗೆ ಹೇಳಿ ಕಳಿಸಿದ್ದಾನೆ.

ನಾನು ಬಟ್ಟೆಯಿಂದ ಬೆರಳ ಸಂದಿ ಒರೆಸುತ್ತಿದ್ದೆ. ಕೊನೆಯ ಎರಡು ಬೆರಳ ನಡುವೆ, ಒಳಗಡೆ, ರಾಗಿ ಕಾಳಿನಷ್ಟು ಕಪ್ಪಗೆ ಇತ್ತು. ಮಣ್ಣಿರಬೇಕು ಎಂದು ಮತ್ತೆ ಉಜ್ಜಿದೆ. ಹೋಗಲಿಲ್ಲ, ಒದ್ದೆ ಒದ್ದೆಯಾಗಿ ಬಟ್ಟೆಗೆ ಕೀವು ಹತ್ತಿತು. ತಲೆ ಎತ್ತದೆ, ಅದರ ಪಕ್ಕದಲ್ಲೇ ಹೆಬ್ಬೆರಳ ಉಗುರು ಊರಿ ನನ್ನ ಬಲವನ್ನೆಲ್ಲ ಹಾಕಿ ಒತ್ತಿದೆ. ಚರ್ಮದಲ್ಲಿ ಉಗುರಿನ ಗುರುತು ಬಿತ್ತು. ಅಣ್ಣ ಕಾಲು ಎಳೆದುಕೊಳ್ಳಲಿಲ್ಲ, ಮಾತೂ ನಿಲ್ಲಿಸಲಿಲ್ಲ.

"ಈ ಎಡಗಾಲು ಗಟ್ಟಿಯಾಗೈತಲ್ಲ ಕಣಮ್ಮಿ, ನಂಗಷ್ಟು ಸಾಕು," ಅಂದ.

ನಾನು ಹೂಂ ಅಂದೆ.